ಅಂತಿಮ ಹಂತ ಎಂಬ ಅಲಂಕಾರ

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಅಲಂಕಾರ ಅಂದ್ರೆ ತಲೆನೋವಂತೆ. ಸುಮ್ನೆ ಗೈಡ್ ಹಿಡಿದು ಉರು ಹೊಡೆಯುತ್ತವೆ, ಪಾಪ. ಅದರ ಬದಲು ಶಿವಮೊಗ್ಗದಲ್ಲಿ ತೀರ್ಥಹಳ್ಳಿ ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ದಾರಿಯುದ್ದಕ್ಕೂ ಕಾಣುವ ಫ್ಲೆಕ್ಸುಗಳನ್ನು ಓದಿಸಿದರೆ ಪಾಠ ಮುಗಿಯಿತು. 'ಕಲಿಯುಗದ ಕರ್ಣ' ರೂಪಕ. ಕರ್ಣ ಕೊಟ್ಟಿದ್ದು ಸ್ವಂತ ಕವಚ ಅಲ್ವಾ ಸಾರ್ ಅಂತ ಮಾತ್ರ ಕೇಳಬಾರದು.

ಉಪಮೆಗೆ ಬನ್ನಿ. 'ಗುಂಡಿ ಮುಚ್ಚುವ ಕೆಲಸ ಸಮರೋಪಾದಿಯಲ್ಲಿ ಸಾಗಿದೆ.' ಉಪಮೇಯ ಗುಂಡಿ ಮುಚ್ಚುವುದು, ಉಪಮಾನ ಯುದ್ಧ. ಸಮಾನಧರ್ಮ? ಎರಡರಲ್ಲೂ ಧೂಳೇಳುತ್ತದೆ, ಖರ್ಚಿನ ಲೆಕ್ಕ ಕೇಳುವವನು ದೇಶದ್ರೋಹಿ ಆಗುತ್ತಾನೆ. ಆಮೇಲೆ ಜೂನ್ ತಿಂಗಳಲ್ಲಿ ಆಗುಂಬೆ ಕಡೆಯಿಂದ ಮಳೆ ಬಂದು ಕದನವಿರಾಮ ಘೋಷಿಸುತ್ತದೆ.

ಇದೆಲ್ಲ ಚಿಕ್ಕಪುಟ್ಟದ್ದು. ಅಲಂಕಾರದ ನಿಜವಾದ ವೈಭವ ನೋಡಬೇಕಾದರೆ ಶರಾವತಿ ಮುಳುಗಡೆಯವರ ಸಭೆಗೆ ಹೋಗಬೇಕು. 'ನಾಡಿಗೆ ಬೆಳಕು ಕೊಟ್ಟ ತ್ಯಾಗಿಗಳು' ಅಂತ ವೇದಿಕೆಯಲ್ಲಿ ಹೊಗಳುತ್ತಾರೆ. ತಮಾಷೆ ಏನಂದ್ರೆ ಇದು ಅಲಂಕಾರವೇ ಅಲ್ಲ, ಅಕ್ಷರಶಃ ನಿಜ. ಕರೆಂಟಿಗಾಗಿ ಶರಾವತಿಗೆ ಅಡ್ಡ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ. ಇವರ ಗದ್ದೆ, ತೋಟ, ಮನೆ ಎಲ್ಲ ನೀರಿನಡಿ ಹೋಯಿತು, ಆ ನೀರಿನಿಂದ ಬೆಂಗಳೂರಲ್ಲಿ ಬಲ್ಬು ಉರಿಯಿತು. ಅಲಂಕಾರ ಶುರುವಾಗುವುದು ಮುಳುಗಿದ್ದಕ್ಕೆ ಬದಲಾಗಿ ಸಿಕ್ಕ ಜಾಗದ ಹಕ್ಕುಪತ್ರದ ಮಾತು ಬಂದಾಗ. 'ನಿಮ್ಮ ಸಮಸ್ಯೆ ಪರಿಹಾರದ ಅಂತಿಮ ಹಂತದಲ್ಲಿದೆ.' ಅಜ್ಜ ಇದನ್ನು ಕೇಳಿ ಚಪ್ಪಾಳೆ ಹೊಡೆದ, ಅಪ್ಪ ಕೇಳಿ ಅರ್ಜಿ ಬರೆದ, ಮೊಮ್ಮಗ ಈಗ ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಾನೆ. ಕಡತ ಬೆಂಗಳೂರು ನೋಡಿತು, ದೆಹಲಿ ನೋಡಿತು. ಅಷ್ಟು ಊರು ಅದರ ಯಜಮಾನರೂ ಸುತ್ತಿಲ್ಲ.

ಕನ್ನಡದ ಜನ ಓದದೆಯೂ ಕಾವ್ಯದಲ್ಲಿ ಪರಿಣತರು ಅಂತ ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿದೆ. ನಮ್ಮ ಜನಪ್ರತಿನಿಧಿಗಳ ಭಾಷಣ ಕೇಳದೆಯೇ ಹೇಳಿದ್ದು ದೊಡ್ಡ ವಿಷಯ! ಅವರು ಕಾವ್ಯ ಓದುತ್ತಿದ್ದರೆ ಜನ ಅದನ್ನು ಭರವಸೆ ಅಂದುಕೊಂಡು ದಿನಾಂಕ ಕೇಳುತ್ತಾರೆ. ಎಂಥ ಅರಸಿಕರು ಮಾರಾಯ್ರೆ.

ಹಾಗಂತ ಸರ್ಕಾರಕ್ಕೆ ಸೀದಾ ಗದ್ಯ ಬರುವುದಿಲ್ಲ ಅಂತಲ್ಲ. ಅದೇ ಮುಳುಗಡೆಯವರ ಮನೆಗೆ ಬರುವ ಕರೆಂಟ್ ಬಿಲ್ ನೋಡಿ. ಉಪಮೆ ಇಲ್ಲ, ರೂಪಕ ಇಲ್ಲ. ಮೊತ್ತ ಇದೆ, ತಾರೀಕು ಇದೆ, ಕಟ್ಟದಿದ್ದರೆ ಲೈನ್‌ಮ್ಯಾನ್ ಬಂದು ಫ್ಯೂಸು ಕೀಳುತ್ತಾನೆ. ಅಲ್ಲಿ ಅಂತಿಮ ಅಂದ್ರೆ ಅಂತಿಮವೇ.