ಎಡವ ಮುರಾರಿಗೊಂದು ಶಾಲು

ನಮ್ಮ ಕಡೆ ಸನ್ಮಾನಕ್ಕೆ ಒಂದು ಕ್ರಮ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೊಂದು ಮೈಸೂರು ಪೇಟ. ಫೋಟೋದವನು "ಸಾರ್, ಇನ್ನೊಂದ್ಸಲ" ಅಂದರೆ ಹೊದೆಸಿದ ಶಾಲನ್ನು ತೆಗೆದು ಮತ್ತೆ ಹೊದೆಸುತ್ತಾರೆ. ಇದೆಲ್ಲ ಯಾರಿಗೆ ಅಂತ ಗಮನಿಸಿ. ದುಡ್ಡು ಕೊಟ್ಟವರಿಗೆ, ಭಾಷಣ ಮಾಡುವವರಿಗೆ, ಎರಡನ್ನೂ ಮಾಡದೆ ಮುಂದಿನ ಸಾಲಲ್ಲಿ ಕೂತವರಿಗೆ. ಬೆಳಿಗ್ಗೆಯಿಂದ ಶಾಮಿಯಾನದ ಗೂಟ ಹೊಡೆದವನು ಆ ಹೊತ್ತಿಗೆ ಜನರೇಟರಿಗೆ ಡೀಸೆಲ್ ತರಲು ಹೋಗಿರುತ್ತಾನೆ.

ಸಾಗರದ ಸುತ್ತಿನ ಹಳ್ಳಿಗಳಲ್ಲಿ ಅಡಿಕೆ ಕೊಯ್ಲು ಮುಗಿದರೆ ನಾಟಕದ ಹುಚ್ಚು ಹತ್ತುತ್ತದೆ. ಕೆಳದಿ, ಇಕ್ಕೇರಿ ಪಕ್ಕದಲ್ಲೇ ಇರುವಾಗ ಕಥೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ತಂಡಕ್ಕೆ ಕೆಳದಿಯ ರಾಣಿ ಚೆನ್ನಮ್ಮನೇ ಇಷ್ಟ. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು ಬರುತ್ತಾನೆ, ರಾಣಿ ಆಶ್ರಯ ಕೊಡುತ್ತಾಳೆ, ಜನ ಚಪ್ಪಾಳೆ ಹೊಡೆಯುತ್ತಾರೆ. ಆ ರಾಣಿಯ ಕಿರೀಟಕ್ಕೆ ರಾತ್ರಿ ಕೂತು ಬೇಗಡೆ ಅಂಟಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡ ಒಂದು ಕೂಟ ಇದೆ. ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಲಲ್ಲಿ ಶುರುವಾದದ್ದು. ಹಳೇ ಯುರೋಪಿನ ವೇಷ ಹಾಕುತ್ತಾರೆ, ಅಂದಿನ ಅಡುಗೆ ಮಾಡುತ್ತಾರೆ, ಕಾದಾಡುತ್ತಾರೆ. ಕತ್ತಿ ಬೆತ್ತದ್ದು, ಏಟು ಮಾತ್ರ ನಿಜದ್ದು. ಅಖಾಡದಲ್ಲಿ ಗೆದ್ದವರಿಗೆ ಸಿಂಹಾಸನ, ಅದೂ ಕೆಲವೇ ತಿಂಗಳು. ಪಂಚಾಯಿತಿ ಅಧ್ಯಕ್ಷಗಿರಿಯನ್ನು ಒಳಒಪ್ಪಂದದಲ್ಲಿ ಹಂಚಿಕೊಂಡ ಹಾಗೆ.

ನನಗೆ ಹಿಡಿಸಿದ್ದು ಕಾದಾಟ ಅಲ್ಲ, ಬಿರುದು. ಚೆನ್ನಾಗಿ ದುಡಿದವರಿಗೆ ಮೊದಲು 'ಲಾರ್ಡ್', 'ಲೇಡಿ' ಅಂತ ಕರೆಸಿಕೊಳ್ಳುವ ಹಕ್ಕು. ಮೇಲಿನ ಮೆಟ್ಟಿಲಲ್ಲಿ ಕಾದಾಡುವವರಿಗೆ ನೈಟ್ ಪದವಿ, ಕಲೆ ಕಸುಬಿನವರಿಗೆ ಲಾರೆಲ್, ಸೇವೆ ಮಾಡಿದವರಿಗೆ ಪೆಲಿಕನ್, ಅಂದರೆ ನಮ್ಮ ಹೆಜ್ಜಾರ್ಲೆ. ಆ ಹಕ್ಕಿ ಎದೆ ಕುಕ್ಕಿಕೊಂಡು ತನ್ನ ರಕ್ತದಿಂದಲೇ ಮರಿಗಳನ್ನು ಸಾಕುತ್ತದೆ ಅಂತ ಹಳೇ ಯುರೋಪಿನವರು ನಂಬಿದ್ದರು. ಕಟ್ಟುಕಥೆಯೇ. ಆದರೆ ವಾರಗಟ್ಟಲೆ ಟಿಕೆಟ್ ಲೆಕ್ಕ ನೋಡಿದ ಖಜಾಂಚಿಯನ್ನು ಕೇಳಿ, ಅದು ಸುಳ್ಳು ಅನ್ನಲಿಕ್ಕಿಲ್ಲ. ಈ ಮೂರೂ ಪದವಿಗಳಿಗೆ ಒಂದೇ ಮಟ್ಟದ ಗೌರವ. ವೈರಿಯನ್ನು ಕೆಡವಿದವನೂ ಪಾತ್ರೆ ತೊಳೆದವನೂ ಒಂದೇ ಸಾಲು!

ಇನ್ನೊಂದು ವಿಷಯ. ಅಲ್ಲಿ ಯಾರು ಬೇಕಾದರೂ ರಾಜ ರಾಣಿಗೆ ಪತ್ರ ಬರೆದು "ಇಂಥವರು ಇಂಥ ಕೆಲಸ ಮಾಡಿದ್ದಾರೆ, ನೋಡಿ" ಅನ್ನಬಹುದು. ಎಷ್ಟೋ ಸಲ ದರ್ಬಾರಿನಲ್ಲಿ ಹೆಸರು ಕೂಗುವವರೆಗೆ ಆ ಮನುಷ್ಯನಿಗೇ ಗೊತ್ತಿರುವುದಿಲ್ಲ. ಕೊಡುವ ಬಿನ್ನವತ್ತಳೆಯನ್ನೂ ಇನ್ಯಾರೋ ಸ್ವಯಂಸೇವಕರು ಚಿತ್ರ ಬಿಡಿಸಿ ಕೈಯಲ್ಲೇ ಬರೆದಿರುತ್ತಾರೆ. ನಮ್ಮಲ್ಲಿ ಪ್ರಶಸ್ತಿ ಬೇಕಾದವರೇ ಫೋಟೋ, ಪೇಪರ್ ಕಟಿಂಗ್ ಸಮೇತ ಅರ್ಜಿ ಹಾಕಿ, ಆಮೇಲೆ ವೇದಿಕೆಯಲ್ಲಿ "ನಾನು ನಿರೀಕ್ಷಿಸಿರಲಿಲ್ಲ" ಅನ್ನುವುದುಂಟು. ಆ ಲಾರ್ಡ್ ಪದವಿಗೆ ಹೊರಗೆ ಮೂರು ಕಾಸಿನ ಬೆಲೆ ಇಲ್ಲ, ನಿಜ. ಅದನ್ನು ತೋರಿಸಿದರೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಆದರೂ ಪಕ್ಕದಲ್ಲಿ ಬೆವರು ಸುರಿಸಿದವರೇ ಗುರುತಿಸಿ ಕೊಟ್ಟದ್ದಲ್ವಾ?

ಹಾಗಂತ ನಮ್ಮವರಿಗೆ ಇದು ತಿಳಿಯದ್ದೇನಲ್ಲ. ಕೆಳದಿ ಅರಸರ ಬಿರುದುಗಳನ್ನು ನೋಡಿ. 'ಕೋಟೆ ಕೋಲಾಹಲ' ಅನ್ನುವುದು ಕೋಟೆಗಳನ್ನು ಗೆದ್ದದ್ದಕ್ಕೆ ವಿಜಯನಗರದಿಂದ ಸದಾಶಿವ ನಾಯಕನಿಗೆ ಸಿಕ್ಕಿದ್ದು. ಅದರ ಜೊತೆಗೇ ಬರುವ 'ಎಡವ ಮುರಾರಿ' ಬೇರೆ ಥರದ್ದು. ಮನೆತನದ ಹಿರಿಯ ಚೌಡಪ್ಪನಿಗೆ ನಿಧಿ ಸಿಕ್ಕಿತು, ಅದು ನರಬಲಿ ಕೇಳಿತು, ಆಗ ಎಡವ, ಮುರಾರಿ ಎಂಬ ಮನೆಯ ಆಳುಗಳು ತಾವಾಗಿಯೇ ಮುಂದೆ ಬಂದರು ಅಂತ ಕಥೆ. ತಮ್ಮ ಹೆಸರು ಉಳಿಯಬೇಕು, ಅದೊಂದೇ ಅವರ ಷರತ್ತು. ಅರಸರು ಮಾತು ಉಳಿಸಿಕೊಂಡರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ರಾಜ್ಯ ಹೋಯಿತು. ಆಳುಗಳ ಹೆಸರು ಶಾಸನಗಳಲ್ಲಿ ಇವತ್ತಿಗೂ ಇದೆ. ಜೀವ ತೆಗೆದು ಹೆಸರು ಇಡುವುದಕ್ಕಿಂತ ಜೀವ ಇರುವಾಗಲೇ ಒಂದು ಶಾಲು ಹೊದೆಸುವುದು ವಾಸಿ ಅನ್ನುವುದು ಬೇರೆ ಮಾತು.

ಈ ಕಥೆ ಹೇಳಿದ್ದಕ್ಕೆ ನಮ್ಮ ತಂಡದಲ್ಲೂ ಬಿರುದು ಕೊಡುವುದು ಅಂತಾಯಿತು. ತಮ್ಮ ಹೆಸರು ಬಿಟ್ಟು ಬೇರೆಯವರದ್ದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಪ್ರತಿ ಸಲವೂ ಅರ್ಧಕ್ಕೇ ಸಿಕ್ಕಿಕೊಳ್ಳುವ ಪರದೆಯನ್ನು ಎಳೆಯುವವನು 'ಪರದೆ ಕೋಲಾಹಲ' ಆದ. ತಾಲೀಮಿನ ದಿನಗಳಲ್ಲಿ ಎಲ್ಲರಿಗೂ ಅಡುಗೆ ಮಾಡುವ ಭಾವನವರಿಗೆ 'ಅಪ್ಪೆಹುಳಿ ಚಕ್ರವರ್ತಿ' ಅಂತ ಬಂತು. ಅವರು ಖುಷಿಪಡಲಿಲ್ಲ. "ಬ್ಯಾಡ ಮಾರಾಯ" ಅಂದರು ಕಾರ್ಯದರ್ಶಿಗೆ. "ಇದನ್ನ ತಗೊಂಡ್ರೆ ಸಾಯೋವರೆಗೂ ನಾನೇ ಕಾಯಿ ತುರೀಬೇಕು." ಅವರು ಹೇಳಿದ್ದರಲ್ಲಿ ಸತ್ಯ ಇದೆ. ಕೆಲಸ ಮಾಡಿದವರಿಗೆ ಬಿರುದು, ಬಿರುದು ಸಿಕ್ಕವರಿಗೆ ಇನ್ನಷ್ಟು ಕೆಲಸ. ಆ ಚೀಟಿ ಬರೆದವರು ಯಾರು ಅಂತ ಭಾವ ಇನ್ನೂ ವಿಚಾರಿಸುತ್ತಿದ್ದಾರೆ. ನಾನಂತೂ ಹೇಳುವುದಿಲ್ಲ.