ಅರ್ಧಕ್ಕೆ ಅರ್ಧ ಎಷ್ಟು?

ಮುಂಬೈನ ಚರ್ಚ್‌ಗೇಟ್ ಸ್ಟೇಷನ್ ಹೊರಗೆ, ಮಧ್ಯಾಹ್ನ ಮೂರೂವರೆ. ನಮ್ಮ ಭಾವ ಚಹಾದ ಟಪರಿ ಮುಂದೆ ನಿಂತು, ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತಷ್ಟೇ ಧೈರ್ಯವಾಗಿ, "ಒನ್ ಬೈ ಟು" ಅಂದರು. ಟಪರಿಯವನು ತಲೆ ಎತ್ತಲಿಲ್ಲ. "ಏಕ್ ಕಟಿಂಗ್ ಯಾ ದೋ?" ಅಂದ. ಕಟಿಂಗ್ ಅಂದರೆ ಇಲ್ಲಿ ಅರ್ಧ ಗ್ಲಾಸು ಚಹಾ. ಭಾವ ನನ್ನ ಮುಖ ನೋಡಿದರು. ಒಂದೇ ಚಹಾ, ಇಬ್ಬರಿಗೆ ಹಂಚಿ ಕೊಡಪ್ಪ ಅಂತ ನಾನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಆಗ ಅವನು ತಲೆ ಎತ್ತಿದ. "ಆಧೇ ಕಾ ಆಧಾ ಕೈಸೇ ಕರೂಂ, ಸಾಬ್?" ಅರ್ಧದಲ್ಲಿ ಅರ್ಧ ಹೇಗೆ ಮಾಡಲಿ?

ಸುತ್ತ ನಿಂತವರು ನಕ್ಕರು. ಭಾವನೂ ನಕ್ಕರು. ಗ್ಲಾಸು ಕೈಗೆ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇವರು ಮೊದಲೇ ಅರ್ಧ ಮಾಡಿ ಇಟ್ಕೊಂಡಿದಾರಲ್ಲೋ, ಇನ್ನು ಹಂಚ್ಕೊಳ್ಳೋದು ಏನನ್ನ?" ಅಂದರು. ಅವರು ತಮಾಷೆಗೇ ಹೇಳಿದ್ದು. ನನಗೆ ಮಾತ್ರ ಎಲ್ಲೋ ಚುಚ್ಚಿತು. 22 ವರ್ಷದಿಂದ ಈ ಊರಿನಲ್ಲಿ ದಿನಕ್ಕೆ ಮೂರು ಕಟಿಂಗ್ ಕುಡಿಯುತ್ತಾ ಬಂದಿದ್ದೇನೆ. ಒಂದು ದಿನವೂ ಹೀಗೆ ಅನ್ನಿಸಿರಲಿಲ್ಲ.

ಅಕ್ಕ, ಭಾವ ಮೂರು ದಿನಕ್ಕೆ ಅಂತ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ದಾದರಿಗೆ ಬಂದಿದ್ದರು. ಊರಿನಿಂದ ಯಾರೇ ಬರಲಿ, ನನ್ನ ಹತ್ತಿರ ಒಂದು ಸಿದ್ಧ ದಾರಿ ಇದೆ. ಡೊಂಬಿವಲಿಯ ಮನೆಯಿಂದ ಬೆಳಿಗ್ಗೆ ಲೋಕಲ್ ಹಿಡಿದು ಮೊದಲು ಮಾಟುಂಗಾ. ಮುಂಬೈಗೆ ಬಂದೂ ಇಡ್ಲಿನಾ ಅಂತ ಎಲ್ಲರೂ ಗೊಣಗುತ್ತಾರೆ. ಗೊಣಗಲಿ. ಸ್ಟೇಷನ್ ಎದುರಿಗೇ ಮೊದಲ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರದ್ದು. ಊಟಕ್ಕೆ ಸಾಲಿನಲ್ಲಿ ಕಾಯಬೇಕು. ಬಾಳೆ ಎಲೆ ಮುಂದೆ ಕೂತ ಮೇಲೆ ಪಕ್ಕದಲ್ಲಿ ಗುಜರಾತಿ, ಎದುರಿಗೆ ಮರಾಠಿ, ಬಡಿಸುವವರ ನಡುವೆ ತುಳು. ಸಾರು ಬಂದಾಗ ಭಾವ, "ಸ್ವಲ್ಪ ಸಿಹಿ ಆಯ್ತು" ಅಂದರು. ಆದರೂ ಮೂರು ಸಲ ಹಾಕಿಸಿಕೊಂಡರು. ಈ ಮಾಟುಂಗಾದಲ್ಲೇ 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇದೆ, ಅಲ್ಲಿ ಕನ್ನಡ ನಾಟಕ ನಡೆಯುತ್ತದೆ ಅಂತ ಹೇಳಿದೆ. ಅಷ್ಟರಲ್ಲಿ ಅಕ್ಕ ಹೂವಿನ ಅಂಗಡಿಯಲ್ಲಿ ಮಲ್ಲಿಗೆ ಮೊಳಕ್ಕೆ ಎಷ್ಟು ಅಂತ ಚೌಕಾಸಿಗೆ ಇಳಿದಾಗಿತ್ತು. ಕನ್ನಡದಲ್ಲೇ. ಮಾಟುಂಗಾದಲ್ಲಿ ಅದೂ ನಡೆಯುತ್ತದೆ.

ಆಮೇಲೆ ಸಿಎಸ್‌ಎಂಟಿ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸ್ಟೇಷನ್. 1887ರಲ್ಲಿ ವಿಕ್ಟೋರಿಯಾ ಟರ್ಮಿನಸ್ ಅಂತ ಹೆಸರಿಟ್ಟ ಕಟ್ಟಡ, 2004ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಲೋಕಲ್ ಇಳಿದು ಓಡುವವರು ಯಾರೂ ತಲೆ ಎತ್ತಿ ನೋಡುವುದಿಲ್ಲ. ಭಾವ ಟಿಕೆಟ್ ಕೌಂಟರಿನ ಮೇಲಿನ ಚಾವಣಿ ನೋಡುತ್ತಾ ನಿಂತರು, ಹಿಂದಿನಿಂದ ನಾಲ್ಕು ಜನ ಗುದ್ದಿಕೊಂಡು ಹೋದರು. ಅಲ್ಲಿಂದ ಎಲೆಕ್ಟ್ರಿಕ್ ಡಬಲ್ ಡೆಕ್ಕರ್ ಬಸ್ಸು. ಹಳೆಯ ಕೆಂಪು ಡೀಸೆಲ್ ಡಬಲ್ ಡೆಕ್ಕರ್‌ಗಳು 2023ರಲ್ಲಿ ನಿಂತುಹೋದವು. ಹೊಸದರಲ್ಲಿ ಏಸಿ ಇದೆ, ಕಿಟಕಿ ತೆಗೆಯೋಕೆ ಬರುವುದಿಲ್ಲ. ಆದರೂ ಮೇಲಿನ ಮುಂದಿನ ಸೀಟು ಸಿಕ್ಕರೆ ಮಕ್ಕಳಂತೆ ಖುಷಿಯಾಗುತ್ತದೆ. ಸಿಕ್ಕಿತು.

ಧೋಬಿ ತಲಾವ್‌ನ ಕ್ಯಾನಿ ನನ್ನ ಪಟ್ಟಿಯಲ್ಲಿ ತಪ್ಪುವುದೇ ಇಲ್ಲ. 1904ರ ಇರಾನಿ ಹೋಟೆಲ್, ಹಳೇ ಮರದ ಕುರ್ಚಿಗಳು, ಚೌಕಳಿ ಮೇಜುಬಟ್ಟೆ. ಬನ್ ಮಸ್ಕಾ ಚಹಾದಲ್ಲಿ ಅದ್ದಿದಾಗ ಮೇಲೆ ಬೆಣ್ಣೆ ತೇಲುತ್ತದೆ. ಅಕ್ಕ ಮುಖ ಸಿಂಡರಿಸಿದಳು, ಆಮೇಲೆ ಪೂರ್ತಿ ತಿಂದಳು. ವಡಾಪಾವ್ ತಿನ್ನಿಸಿದ್ದು ದಾದರಿನ ಕೀರ್ತಿ ಕಾಲೇಜಿನ ಹತ್ತಿರ. ಅಲ್ಲಿ ಪಾವ್ ಒಳಗೆ ವಡೆಯ ಜೊತೆ ಕಡಲೆಹಿಟ್ಟಿನ ಗರಿಗರಿ ಚೂರನ್ನೂ ತುಂಬುತ್ತಾರೆ. "ನಮ್ಮ ಆಲೂಬೋಂಡಕ್ಕೆ ಬ್ರೆಡ್ ಹೊದಿಸಿದಾರೆ, ಅಷ್ಟೇ" ಅನ್ನುವುದು ಭಾವನ ತೀರ್ಪು. ರಸ್ತೆ ಬದಿಯ 'ಮೈಸೂರ್ ಮಸಾಲಾ' ವಿಷಯ ಬೇಡವೇ ಬೇಡ. ತವಾ ಮೇಲೆ ದೋಸೆ, ಅದರ ಮೇಲೆ ಕೋಸು, ಬೀಟ್‌ರೂಟು, ಬೆಣ್ಣೆ, ಎಲ್ಲ ಸೇರಿಸಿ ಜಜ್ಜುವುದನ್ನು ನೋಡಿ ಅವರು, "ಇದಕ್ಕೆ ಮೈಸೂರಿನ ಹೆಸರು ಯಾಕೋ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ದಿನ ಗೇಟ್‌ವೇಯಿಂದ ದೋಣಿ ಹತ್ತಿ ಎಲಿಫೆಂಟಾ. ಸುಮಾರು ಒಂದು ಗಂಟೆಯ ದಾರಿ. ಸೋಮವಾರ ಗುಹೆ ಮುಚ್ಚಿರುತ್ತದೆ, ನೆನಪಿರಲಿ. ದಾರಿಯುದ್ದಕ್ಕೂ "ಬಾದಾಮಿ ನೋಡಿದೋರಿಗೆ ಇದೇನು ಮಹಾ" ಅನ್ನುತ್ತಿದ್ದ ಭಾವ ತ್ರಿಮೂರ್ತಿ ಮುಂದೆ ಹತ್ತು ನಿಮಿಷ ಬಾಯಿ ಬಿಡಲಿಲ್ಲ. ವಾಪಸ್ ಬರುವಾಗ ಚರ್ಚ್‌ಗೇಟ್ ಕಡೆ ನಡೆದೆವು. ಕಾಲು ನೋವು ಅಂತ ಅಕ್ಕ ಸ್ಟೇಷನ್ ಒಳಗೆ ಬೆಂಚಿನ ಮೇಲೆ ಕೂತಳು. ನಾವಿಬ್ಬರೂ ಹೊರಗೆ ಚಹಾಕ್ಕೆ ಬಂದೆವು. ಆಗ ನಡೆದದ್ದೇ ಮೊದಲು ಹೇಳಿದ್ದು.

ಆ ರಾತ್ರಿ ನನಗೆ ಬೈ-ಟು ಬಿಟ್ಟು ಬೇರೆ ಯೋಚನೆ ಬರಲಿಲ್ಲ.

ಬೈ-ಟುಗೆ ಇನ್ನೊಬ್ಬರು ಬೇಕು. ಒಬ್ಬನೇ ಹೋಗಿ ಬೈ-ಟು ಕೇಳೋಕೆ ಆಗುತ್ತಾ? ಹಾಸನದಲ್ಲಿ ಓದುವಾಗ ನಾವು ಮೂವರು, ಜೇಬಿನಲ್ಲಿ ಎರಡು ಕಾಫಿಯ ದುಡ್ಡು. "ಟೂ ಬೈ ತ್ರೀ" ಅಂತಿದ್ದೆವು. ಕಾಫಿ ಮಾಡುವವರು ಲೆಕ್ಕ ಹಾಕದೆ ಮೂರು ಲೋಟಕ್ಕೆ ಹುಯ್ಯುತ್ತಿದ್ದರು. ಮೂರೂ ಸೇರಿಸಿದರೆ ಎರಡಕ್ಕಿಂತ ಖಂಡಿತ ಜಾಸ್ತಿಯೇ ಇರುತ್ತಿತ್ತು. ಯಾರ ಲೋಟದಲ್ಲಿ ನೊರೆ ಜಾಸ್ತಿ ಅಂತ ಜಗಳ. ಕಾಫಿ ನಾಲ್ಕು ಗುಟುಕಿಗೆ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ, ಗಲ್ಲಾದಲ್ಲಿ ಕೂತವರು ಕೆಮ್ಮುವ ತನಕ. ಆಮೇಲೆ ಬೆಂಗಳೂರಿನಲ್ಲಿ ಒಂದು ವರ್ಷ ಕೆಲಸ ಮಾಡಿದೆ. ಅಲ್ಲೂ ಹನ್ನೊಂದು ಗಂಟೆಗೆ ಪಕ್ಕದ ಟೇಬಲಿನವನು "ಬಾರೋ, ಬೈ-ಟು ಹೊಡ್ಕೊಂಡ್ ಬರೋಣ" ಅನ್ನುತ್ತಿದ್ದ. ಕಾಫಿ ಬೇಕು ಅಂತಲ್ಲ. ಅವನ ಮನೆಯಲ್ಲಿ ಏನೋ ನಡೆದಿದೆ, ಹೇಳಬೇಕು. ದರ್ಶಿನಿಯ ನಿಲ್ಲುವ ಟೇಬಲಿಗೆ ಮೊಣಕೈ ಊರಿದರೆ ಅರ್ಧ ಲೋಟ ಕಾಫಿಗೆ ಅರ್ಧ ಗಂಟೆ.

ಕಟಿಂಗ್ ಹಾಗಲ್ಲ. ಅದು ಹುಟ್ಟುವಾಗಲೇ ಅರ್ಧ. ಗೆರೆಗೆರೆ ಇರುವ ಪುಟ್ಟ ಗ್ಲಾಸು, ಶುಂಠಿ ಖಾರ, ಬಾಯಿ ಸುಡುವ ಬಿಸಿ. 10-15 ರೂಪಾಯಿ. ಮುಂದಿನ ಲೋಕಲ್‌ಗೆ ಆರು ನಿಮಿಷ ಇದ್ದರೆ ನಾಲ್ಕು ನಿಮಿಷದಲ್ಲಿ ಕುಡಿದು ಎರಡು ನಿಮಿಷದಲ್ಲಿ ಪ್ಲಾಟ್‌ಫಾರ್ಮ್ ಸೇರಬಹುದು. ಪೂರ್ತಿ ಚಹಾಕ್ಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹಾಗಂತ ಯಾರ ಜೊತೆಗೂ ಕುಡಿಯುವುದಿಲ್ಲ ಅಂತಲ್ಲ. ನಮ್ಮ ಆಫೀಸಿನ ಒಬ್ಬರ ಜೊತೆ ನಾನು 11 ವರ್ಷದಿಂದ ದಿನಾ ನಾಲ್ಕು ಗಂಟೆಗೆ ಕಟಿಂಗ್ ಕುಡಿಯುತ್ತೇನೆ. ಅವರು ಅವರದ್ದು, ನಾನು ನನ್ನದು. ಒಳ್ಳೆಯ ಮನುಷ್ಯ. ಅವರಿಗೆ ಎಷ್ಟು ಮಕ್ಕಳು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಯಾವ ಲೋಕಲ್ ಹಿಡಿಯುತ್ತಾರೆ ಅಂತ ಮಾತ್ರ ಗೊತ್ತು. 6.12ರ ಕಲ್ಯಾಣ್ ಫಾಸ್ಟ್.

ಇದನ್ನೆಲ್ಲ ಮಾರನೇ ಬೆಳಿಗ್ಗೆ ಭಾವನ ಮುಂದೆ ಹೇಳಿಕೊಂಡೆ. ದಾದರ್ ಪಶ್ಚಿಮದಲ್ಲಿ ಸೇತುವೆ ಕೆಳಗಿನ ಹೂವಿನ ಮಾರ್ಕೆಟ್ಟಿಗೆ ನಡೆದುಕೊಂಡು ಹೋಗುತ್ತಾ. ಈ ಊರು ಮನುಷ್ಯನಿಗೆ ಅರ್ಧ ಕೊಟ್ಟು ಅದನ್ನೇ ಪೂರ್ತಿ ಅಂತ ನಂಬಿಸಿಬಿಡುತ್ತದೆ ಭಾವ, ಅಂದೆ. ನಮ್ಮ ಕಡೆ ಅರ್ಧ ಕುಡಿದರೂ ಅದು ಇನ್ನೊಬ್ಬರ ಜೊತೆಗಿನ ಅರ್ಧ. ಮಾತು ನನಗೇ ಬಹಳ ಚೆನ್ನಾಗಿದೆ ಅನ್ನಿಸಿತು. ಭಾವ ತಲೆ ಆಡಿಸಿ, "ಊರಿಗೇ ಬಂದ್ಬಿಡು" ಅಂದರು. ಬಂದವರೆಲ್ಲ ಹೇಳುವ ಮಾತು ಅದು. ಹೇಳಿ ರೈಲು ಹತ್ತುತ್ತಾರೆ.

ಹಿಂತಿರುಗಿ ನೋಡಿದರೆ ಅಕ್ಕ ಇಲ್ಲ.

ಸೇವಂತಿಗೆ ರಾಶಿ, ಚೆಂಡುಹೂವಿನ ಮೂಟೆ, ತಲೆ ಮೇಲೆ ಬುಟ್ಟಿ ಹೊತ್ತು "ಬಾಜೂ, ಬಾಜೂ" ಅಂತ ನುಗ್ಗುವವರು. ಅದರ ನಡುವೆ ಎಲ್ಲಿ ಅಂತ ಹುಡುಕುವುದು? ಫೋನ್ ಮಾಡಿದರೆ ಎತ್ತಲಿಲ್ಲ. ಭಾವನ ಮುಖ ಬಿಳುಚಿಕೊಂಡಿತು. ಕಾಲು ಗಂಟೆ ಸುತ್ತಿದ ಮೇಲೆ ಸಿಕ್ಕಳು. ಮಾರ್ಕೆಟ್ಟಿನ ಮೂಲೆಯ ಟಪರಿ ಮುಂದೆ, ಹೂವಿನ ಚೀಲವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು, ಹೂ ಮಾರುವ ಹೆಂಗಸರ ಪಕ್ಕದಲ್ಲಿ ನಿಂತು ಕಟಿಂಗ್ ಕುಡಿಯುತ್ತಿದ್ದಳು. ಸೆರಗಿನ ತುದಿಯಲ್ಲಿ ಬಿಸಿ ಗ್ಲಾಸು ಹಿಡಿದು, ಊದಿ ಊದಿ.

"ಇಲ್ಲೇನು ಮಾಡ್ತಿದೀಯ?" ಅಂತ ಭಾವ ಜೋರಾಗಿಯೇ ಕೇಳಿದರು.

"ಕಾಣಲ್ವಾ? ಚಹಾ ಕುಡೀತಿದೀನಿ."

ನಾನು ನಗುತ್ತಾ, ನಮ್ಮನ್ನು ಕರೆಯಬಾರದಿತ್ತಾ ಅಕ್ಕ, ಮೂವರೂ ಕುಡಿಯುತ್ತಿದ್ದೆವಲ್ಲ, ಅಂದೆ. ಅವಳು ನನ್ನ ಕಡೆ ತಿರುಗಿದಳು. "ನಿನ್ನ ಬೈ-ಟು ಪುರಾಣ ಬೆಳಿಗ್ಗೆಯಿಂದ ಕೇಳ್ತಾನೇ ಇದೀನಿ ಕಣೋ. ಮೂವತ್ತೊಂದು ವರ್ಷದಿಂದ ಬೈ-ಟು ಕುಡಿದೋಳು ನಾನು. ಇವರಿಗೆ ಸಕ್ಕರೆ ಕಡಿಮೆ, ಡಿಕಾಕ್ಷನ್ ಸ್ಟ್ರಾಂಗ್. ನಂಗೆ ಸಕ್ಕರೆ ಜಾಸ್ತಿ, ಡಿಕಾಕ್ಷನ್ ಕಡಿಮೆ. ಯಾವತ್ತಾದ್ರೂ ಯಾರಾದ್ರೂ ಕೇಳಿದಾರಾ?"

ಭಾವ ಏನೋ ಹೇಳಲು ಹೋಗಿ ಸುಮ್ಮನಾದರು.

ನಾನು ಲೆಕ್ಕ ಹಾಕಿದೆ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಮ್ಮ ಅಕ್ಕ ಒಬ್ಬಳೇ ಹೋಗಿ ಕಾಫಿ ಕುಡಿದದ್ದನ್ನು ನಾನು ಕಂಡಿಲ್ಲ. ಅಮ್ಮನನ್ನೂ ಕಂಡಿಲ್ಲ. ಹಾಸನದ ನಮ್ಮ ಟೂ ಬೈ ತ್ರೀ ಟೇಬಲಿನಲ್ಲೂ ಹುಡುಗಿಯರು ಇರಲಿಲ್ಲ. ಈಗ ಬೆಂಗಳೂರಿನಲ್ಲಿ ಕಾಲ ಬದಲಾಗಿದೆ, ನಿಜ. ಅರಸೀಕೆರೆಯಲ್ಲೂ ಹುಡುಗಿಯರು ಬೇಕರಿ ಮುಂದೆ ನಿಲ್ಲುತ್ತಾರೆ. ಅಕ್ಕನ ವಯಸ್ಸಿನವರು ನಿಲ್ಲುವುದಿಲ್ಲ. ನಿಂತರೆ ಸಂಜೆಯೊಳಗೆ ಮನೆಗೆ ಸುದ್ದಿ ಬರುತ್ತದೆ: ನಿಮ್ಮನೆಯವರು ಒಬ್ಬರೇ ರಸ್ತೇಲಿ ನಿಂತಿದ್ರು, ಎಲ್ಲ ಸರಿ ಇದೆಯಾ ಅಂತ. ಇಲ್ಲಿ ಪಕ್ಕದಲ್ಲಿ ನಿಂತ ಹೂವಿನವಳು ಅಕ್ಕನ ಕಡೆ ತಿರುಗಿಯೂ ನೋಡಿರಲಿಲ್ಲ. ನೋಡದೆ ಇದ್ದದ್ದೇ ಅವಳಿಗೆ ಇಷ್ಟವಾಯಿತಂತೆ.

ಆದರೂ ನನಗೆ ಬೈ-ಟುವೇ ಮೇಲು. ಅದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಆದರೆ ಆವತ್ತಿನಿಂದ ಅದನ್ನು ಹೊಗಳುವಾಗ ದನಿ ಸ್ವಲ್ಪ ಇಳಿಯುತ್ತದೆ, ಅದೂ ಹೌದು. ಆಫೀಸಿನವರನ್ನು ಮೊನ್ನೆ ಕೇಳಿದೆ. ಎರಡು ಹೆಣ್ಣು ಮಕ್ಕಳಂತೆ. ಯಾಕೆ ಕೇಳಿದಿರಿ ಅಂತ ಅವರಿಗೆ ಆಶ್ಚರ್ಯ. 6.12 ತಪ್ಪಿಹೋಯಿತು, ಪಾಪ.

ಹೋಗುವ ದಿನ ರಾತ್ರಿ ದಾದರ್ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಭಾವ ಲಗೇಜಿನ ಮೇಲೆ ಕೂತು, ಅಭ್ಯಾಸ ಬಲ, "ಒಂದು ಬೈ-ಟು ಹೇಳ್ಲಾ?" ಅಂತ ಅಕ್ಕನನ್ನು ಕೇಳಿದರು.

"ನೀವು ಕುಡೀರಿ," ಅಂದಳು ಅಕ್ಕ. "ನಂದು ಆಗ್ಲೇ ಆಯ್ತು."