‘ಆರಾಮಿಲ್ರಿ’ ಅಂತ ಹೇಳೋಕೆ ಎಷ್ಟು ಖರ್ಚಾಗುತ್ತೆ?

2023ರ ಏಪ್ರಿಲ್‌ನಲ್ಲಿ ನಾನೊಂದು ಜಾಣತನ ಮಾಡಿದೆ. ತಿಂಗಳಲ್ಲಿ ಒಂದು ದಿನವೂ ತಪ್ಪಿಸದೆ ಕೆಲಸಕ್ಕೆ ಬಂದವರಿಗೆ 1,500 ರೂಪಾಯಿ ಹಾಜರಿ ಬೋನಸ್. ಒಂದು ಸೂಟಿ ಹಾಕಿದರೂ ಪೂರ್ತಿ ಕಟ್. ಬೋರ್ಡಿನ ಮೇಲೆ ಕೆಂಪು ಮಾರ್ಕರ್‌ನಲ್ಲಿ ಬರೆಸಿ, ಎಲ್ಲರಿಗೂ ಕುಂದಾ ಹಂಚಿದ್ದೆ.

ನಮ್ಮದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಒಂದು ಸಣ್ಣ ಮಷೀನ್ ಶಾಪ್. 14 ಜನ, 5 ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್), 2 ಹಳೆಯ ಲೇಥ್ (ಲೋಹ ಕಡೆಯುವ ಮಷೀನ್). ಫೌಂಡ್ರಿಯಿಂದ ಕಾಸ್ಟಿಂಗ್ (ಎರಕ ಹೊಯ್ದ ಕಬ್ಬಿಣದ ಪೀಸು) ಬರುತ್ತವೆ, ನಾವು ಬೋರ್ (ತೂತು) ಹೊಡೆದು, ಫಿನಿಶ್ ಮಾಡಿ ಕಳಿಸುತ್ತೇವೆ. ಬೆಳಗಾವಿಯವರಿಗೆ ಬಿಡಿಸಿ ಹೇಳೋದೇ ಬೇಡ, ಇಂಥ ಶಾಪ್ ಇಲ್ಲಿ ಗಲ್ಲಿಗೆ ನಾಲ್ಕಿವೆ.

ಬೋನಸ್ ಶುರುವಾದ ಮೊದಲ ತಿಂಗಳು 14ರಲ್ಲಿ 11 ಜನ ಪೂರ್ತಿ ಹಾಜರಿ. ನಾನು ಪಕ್ಕದ ಶಾಪಿನವರಿಗೆಲ್ಲ ಹೇಳಿಕೊಂಡು ತಿರುಗಿದೆ. ಮಳೆಗಾಲ ಬಂತು. ಆ ವರ್ಷ ಊರೆಲ್ಲ ಕಣ್ಣುಬೇನೆ ಹರಡಿತ್ತಲ್ಲ, ನೆನಪಿದೆಯಾ? ನಮ್ಮ ಒಬ್ಬ ಹುಡುಗ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಸ್ಟೈಲ್ ಮಾಡ್ತಿದ್ದಾನೆ ಅಂದುಕೊಂಡೆ. ಒಂದು ವಾರದಲ್ಲಿ 9 ಜನರ ಕಣ್ಣು ಟೊಮೆಟೊ ಆಗಿದ್ದವು. ಕೊನೆಗೆ ನನ್ನದೂ. ಎರಡು ಮಷೀನ್ ನಾಲ್ಕು ದಿನ ನಿಂತವು.

ಅಷ್ಟಕ್ಕೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದು ದೀಪಾವಳಿ ಹತ್ತಿರ ಬಂದಾಗ. ಒಬ್ಬ ಆಪರೇಟರ್, ಬಹಳ ಹುಷಾರಿನ ಹುಡುಗ, ಆಫ್‌ಸೆಟ್‌ನಲ್ಲಿ (ಟೂಲ್ ಎಷ್ಟು ಸರಿಯಬೇಕು ಅಂತ ಮಷೀನಿಗೆ ಕೊಡುವ ಅಳತೆ) 0.05 ಹೊಡೆಯೋ ಕಡೆ 0.5 ಹೊಡೆದ. ಬೋರ್ ದೊಡ್ಡದಾಯಿತು. ಮುಂದಿನ ಪೀಸುಗಳನ್ನು ಗೇಜ್ ಹಾಕಿ ನೋಡಲೇ ಇಲ್ಲ. ಗೊತ್ತಾಗುವಷ್ಟರಲ್ಲಿ 38 ಪೀಸ್ ಸ್ಕ್ರ್ಯಾಪ್. ಕೂಗಾಡಿದೆ. ಅವನು ಏನೂ ಮಾತಾಡಲಿಲ್ಲ, ಮಷೀನಿಗೆ ಒರಗಿ ನಿಂತ. ಕೈ ಹಿಡಿದು ನೋಡಿದರೆ ಸುಡುತ್ತಿತ್ತು.

‘ಯಾವಾಗಿಂದ?’ ಅಂತ ಕೇಳಿದೆ.

‘ಮೊನ್ನೆ ರಾತ್ರಿಯಿಂದ್ರಿ ಮಾಲಕ್ರ. ಬೋನಸ್ ಹೋಗ್ತೈತಲ್ರಿ, ಅದಕ್ಕ ಗುಳಗಿ ತಗೊಂಡ್ ಬಂದೇನ್ರಿ.’

ಪಾರ್ಟಿ, ಅಂದರೆ ಕೆಲಸ ಕೊಟ್ಟ ಗಿರಾಕಿ, ನಷ್ಟ ನಮ್ಮ ಲೆಕ್ಕಕ್ಕೆ ಹಾಕಿ ಕಳಿಸಿದ ಡೆಬಿಟ್ ನೋಟ್ ನೋಡಿದ ದಿನ ಕೂತು ಲೆಕ್ಕ ಹಾಕಿದೆ. ಒಂದೇ ರಾತ್ರಿಯ ನಷ್ಟ, ಆ ಹುಡುಗನ ಒಂದು ವರ್ಷದ ಹಾಜರಿ ಬೋನಸ್‌ಗಿಂತ ಜಾಸ್ತಿ. ಅವನ ಬೆರಳು ಹೋಗಲಿಲ್ಲ, ಅದೇ ದೊಡ್ಡದು. ಜ್ವರದಲ್ಲಿ ತೂಕಡಿಸುತ್ತ ಪೀಸ್ ಹಿಡಿದು ತಿರುಗುವ ಚಕ್ ಹತ್ತಿರ ಕೈ ಹಾಕಿದ್ದರೆ ನಾನು ಇವತ್ತು ಈ ಬರಹ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

ನಾನು ದುಡ್ಡು ಕೊಟ್ಟಿದ್ದು ಹಾಜರಿಗೆ ಅಂದುಕೊಂಡಿದ್ದೆ. ಅದು ಹೋಗಿದ್ದು ಕಾಯಿಲೆ ಮುಚ್ಚಿಡೋದಕ್ಕೆ.

ಈಗ ನಮ್ಮಲ್ಲಿ ಆ ಬೋನಸ್ ಇಲ್ಲ. ಆ 1,500ರಲ್ಲಿ 1,000 ಎಲ್ಲರ ಪಗಾರಕ್ಕೇ ಸೇರಿಸಿದೆ. ಉಳಿದ ದುಡ್ಡಿನ ಲೆಕ್ಕದಲ್ಲಿ ವರ್ಷಕ್ಕೆ 8 ದಿನ ‘ಆರಾಮಿಲ್ಲ ಸೂಟಿ’. ಸರ್ಟಿಫಿಕೇಟ್ ಬೇಡ. ಬೆಳಿಗ್ಗೆ ಒಂದು ಮೆಸೇಜ್ ಹಾಕಿದರೆ ಸಾಕು, ಪಗಾರ ಕಟ್ ಆಗಲ್ಲ. ಉಳಿದ ಸೂಟಿಗೆ ವರ್ಷದ ಕೊನೆಗೆ ದುಡ್ಡು ಕೊಡು ಅಂತ ಒಬ್ಬ ಗೆಳೆಯ ಸಲಹೆ ಕೊಟ್ಟ. ಬೇಡ ಅಂದೆ. ಹಾಗೆ ಮಾಡಿದರೆ ಮತ್ತೆ ಗುಳಗಿ ನುಂಗಿ ಬರೋರೇ ಆಗುತ್ತಾರೆ.

ಜನ ದುರುಪಯೋಗ ಮಾಡಿಕೊಳ್ಳಲ್ವಾ ಅಂತ ಕೇಳ್ತೀರಿ. ಮಾಡ್ಕೊತಾರೆ. ಬನದ ಹುಣ್ಣಿಮೆಯ ದಿನ ಒಬ್ಬ ಹೊಟ್ಟೆನೋವು ಅಂತ ಮೆಸೇಜ್ ಹಾಕಿ, ಮರುದಿನ ಹಣೆ ತುಂಬ ಭಂಡಾರ ಬಳಿದುಕೊಂಡು ಬಂದ. ಸವದತ್ತಿ ಎಲ್ಲಮ್ಮ ಹೊಟ್ಟೆನೋವು ಬಿಡಿಸಿದಳು ಅಂದುಕೊಂಡು ಸುಮ್ಮನಾದೆ. ಪ್ರಸಾದ ತಂದಿದ್ದ, ತಿಂದೆ. ಒಬ್ಬನ ಸುಳ್ಳಿಗೆ 13 ಜನರ ಜ್ವರವನ್ನ ಅನುಮಾನದಿಂದ ನೋಡೋದು ದುಬಾರಿ ಅನ್ನೋದು ಆ ಹೊತ್ತಿಗೆ ನನಗೆ ಲೆಕ್ಕದಲ್ಲೇ ಗೊತ್ತಾಗಿತ್ತು.

ಇಲ್ಲಿ ಮಾಲಕರು ತಪ್ಪದೆ ಹೇಳುವ ಮಾತೊಂದಿದೆ: ‘ಇಎಸ್‌ಐ ಕಟ್ಟತೇವಲ್ರಿ, ಇನ್ನೇನ್ ಬೇಕು?’ ಕಾರ್ಮಿಕರಿಗಿರುವ ಸರ್ಕಾರಿ ವಿಮೆ ಅದು. ಕಟ್ಟುತ್ತೇವೆ, ನಿಜ. 10 ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಕಟ್ಟಲೇಬೇಕು. ಪಗಾರದಲ್ಲಿ ನಮ್ಮ ಕಡೆಯಿಂದ 3.25%, ಅವರ ಕಡೆಯಿಂದ 0.75%. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಪಗಾರದ 70% ಸಿಗುತ್ತದೆ. ಒಳ್ಳೆಯ ಯೋಜನೆ, ಅದನ್ನ ಬೈಯೋರ ಪೈಕಿ ನಾನಲ್ಲ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಅಲ್ಲಿ ದುಡ್ಡಿಲ್ಲ. ನಮ್ಮ ಹುಡುಗರಿಗೆ ಬರೋದು ಏನು? ಎರಡು ದಿನದ ಜ್ವರ, ಎರಡು ದಿನದ ಭೇದಿ, ಎರಡು ದಿನದ ಸೊಂಟನೋವು. ಅದು ನೇರ ಆ ಸಂದಿಯಲ್ಲೇ ಬೀಳುತ್ತೆ. ಆ ಎರಡು ದಿನ ಮಾಲಕ ಕೊಡಬೇಕು, ಇಲ್ಲ ಅಂದ್ರೆ ಹುಡುಗ ಗುಳಗಿ ನುಂಗಿ ಮಷೀನ್ ಮುಂದೆ ನಿಲ್ಲಬೇಕು.

ಇಎಸ್‌ಐದು ಇನ್ನೊಂದು ಕಥೆ ಇದೆ. ನಮ್ಮ ಹಿರಿಯ ಟರ್ನರ್ ಪಗಾರ 20,500. ಹೋದ ವರ್ಷ ಏರಿಸೋಣ ಅಂತ ಕರೆದೆ. ಕುರ್ಚಿಯ ತುದಿಯಲ್ಲಿ ಕೂತರು. ‘ಮಾಲಕ್ರ, ಏರಿಸಬ್ಯಾಡ್ರಿ’ ಅಂದರು. ಅವರ ಮನೆಯವರ ಕಿಡ್ನಿ ಚಿಕಿತ್ಸೆ ಇಎಸ್‌ಐನಲ್ಲಿ ನಡೆದಿದೆ. ಪಗಾರ 21,000 ದಾಟಿದರೆ ಆ ಕಾರ್ಡು ಹೋಗುತ್ತೆ. 2017ರಲ್ಲಿ ಇಟ್ಟ ಮಿತಿ ಅದು. 30 ವರ್ಷ ಲೇಥ್ ಮುಂದೆ ನಿಂತ ಮನುಷ್ಯ, ಪಗಾರ ಹೆಚ್ಚು ಮಾಡಬೇಡಿ ಅಂತ ಕೈ ಮುಗೀತಾರೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಮಕ್ಕಳ ಶಾಲೆಯ ಫೀ ನಾನೇ ಕಟ್ಟುತ್ತೇನೆ ಅಂದೆ, ಅಷ್ಟೇ.

ಈಗ ಬೀಗದ ಕೈಯ ವಿಷಯ. ಇದನ್ನ ಬರೆಯೋಕೆ ನಾಚಿಕೆ ಆಗುತ್ತೆ.

ನಮ್ಮ ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಮೂವರು ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಬೇರೆ ಶೌಚಾಲಯ ಕಟ್ಟಿಸಿದ್ದೆ, ಟೈಲ್ಸ್ ಹಾಕಿಸಿದ್ದೆ. ಹೊರಗಿನವರು ಹೊಲಸು ಮಾಡ್ತಾರೆ ಅಂತ ಬೀಗ ಹಾಕಿಸಿ, ಚಾವಿಯನ್ನ ನನ್ನ ಕೇಬಿನ್‌ನಲ್ಲಿ, ನನ್ನ ಕುರ್ಚಿಯ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಬೇಕಾದವರು ತಗೊಂಡು ಹೋಗ್ತಾರೆ, ಅದರಲ್ಲೇನು ಅಂತ ನನ್ನ ಲೆಕ್ಕ.

ನಮ್ಮ ಮನೆಯವರು ಶನಿವಾರ ಲೆಕ್ಕಪತ್ರ ನೋಡಲು ಬರುತ್ತಾರೆ. ಒಂದು ಶನಿವಾರ ಅವರು ಆ ಹೆಣ್ಣುಮಕ್ಕಳ ನೀರಿನ ಬಾಟಲಿ ನೋಡಿದರು. ಮಧ್ಯಾಹ್ನ ಮೂರಾದರೂ ಮೂರೂ ಬಾಟಲಿ ಹೆಚ್ಚುಕಡಿಮೆ ತುಂಬಿಯೇ ಇದ್ದವು. ಏನ್ರವ್ವಾ ಇದು ಅಂತ ಕೇಳಿದರೆ ಮೂವರೂ ನಕ್ಕರಂತೆ. ಆಮೇಲೆ ದೊಡ್ಡಾಕೆ ಹೇಳಿದಳು: ‘ಅಕ್ಕಾರ, ಕೇಬಿನ್ನಾಗ ಯಾರರ ಪಾರ್ಟಿ ಕುಂತಿರ್ತಾರ. ಅವರ ಮುಂದ ಹೋಗಿ ಚಾವಿ ಹೆಂಗ ಬೇಡೂದು? ನೀರ ಕುಡಿಯೂದ ಬಿಟ್ಟೇವಿ.’ ಅವರಲ್ಲಿ ಒಬ್ಬಳಿಗೆ ಎರಡು ಸಲ ಉರಿಮೂತ್ರವಾಗಿ ಸೂಟಿ ಹಾಕಿದ್ದಳು. ನಾನು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ.

ಅವತ್ತು ಸಂಜೆಯೇ ಚಾವಿ ಇನ್‌ಸ್ಪೆಕ್ಷನ್ ಟೇಬಲ್ಲಿನ ಡ್ರಾಯರ್‌ಗೆ ಹೋಯಿತು. ಖರ್ಚು ಸೊನ್ನೆ.

2025ರ ಅಕ್ಟೋಬರ್‌ನಲ್ಲಿ ರಾಜ್ಯದ ಸಂಪುಟ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಪಗಾರ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಚಹಾ ಅಂಗಡಿಯ ಕಟ್ಟೆ ಮೇಲೆ ದೊಡ್ಡ ಚರ್ಚೆ. ‘ಹಿಂಗಾದ್ರ ಹೆಣ್ಣುಮಕ್ಕಳನ್ನ ಕೆಲಸಕ್ಕ ತಗೊಳ್ಳೂದ ಬ್ಯಾಡ’ ಅಂತ ಒಬ್ಬರು. ಅವರ ಶಾಪಿನಲ್ಲಿ ಹೆಣ್ಣುಮಕ್ಕಳ ಶೌಚಾಲಯವೇ ಇಲ್ಲ. ಇಲ್ಲದ ಕಡೆ ಹೆಣ್ಣುಮಕ್ಕಳೂ ಇಲ್ಲ ಅನ್ನಿ. ನಾನು ಚಾವಿಯ ಕಥೆ ಹೇಳಿದೆ. ಅವರು ಮಿರ್ಚಿ ಭಜಿ ತರಿಸಿದರು.

ಸ್ಟೂಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಿಎನ್‌ಸಿ ಸೈಕಲ್ ನಾಲ್ಕೈದು ನಿಮಿಷ ಓಡುತ್ತೆ, ಅಷ್ಟೂ ಹೊತ್ತು ಆಪರೇಟರ್ ನಿಂತೇ ಇರಬೇಕು ಅಂತ ನಮ್ಮಲ್ಲಿ ಪದ್ಧತಿ. ಯಾಕೆ? ಕೂತರೆ ಗಿರಾಕಿ ಏನು ತಿಳ್ಕೋತಾರೆ ಅಂತ. ನಿಂತು ಮಾಡುವ ಕೆಲಸದಲ್ಲಿ ಸಂದು ಸಿಕ್ಕಾಗ ಕೂರೋಕೆ ವ್ಯವಸ್ಥೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ದರು. ಅಂಗಡಿಗಳಲ್ಲಿ ನಿಲ್ಲುವವರಿಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕೂರುವ ಹಕ್ಕು ಕೊಟ್ಟವು. ದೀಪಾವಳಿ ಹೊತ್ತಿಗೆ ನಮ್ಮ ಖಡೇಬಜಾರದಲ್ಲಿ ಸೀರೆ ತೋರಿಸೋ ಹೆಣ್ಣುಮಕ್ಕಳ ಪಾದ ಒಮ್ಮೆ ನೋಡಿ. ನಾನು 5 ಸ್ಟೂಲ್ ತಂದೆ. ಹಳೆಯ ಲೇಥ್ ಮುಂದೆ ಕಟ್ಟಿಗೆ ಹಲಗೆ ಮೊದಲಿಂದಲೂ ಇತ್ತು, ಸಿಮೆಂಟ್ ನೆಲದ ಮೇಲೆ ಕಾಲು ಹಿಡಿಯಬಾರದು ಅಂತ ಹಿರಿಯ ಟರ್ನರೇ ಹಾಕಿಕೊಂಡಿದ್ದು. ಅಂಥದ್ದೇ ಹಲಗೆ ಎಲ್ಲ ಮಷೀನಿಗೂ ಮಾಡಿಸಿದೆ.

ಒಪ್ಪಿಕೊಳ್ಳುತ್ತೇನೆ, ನಮ್ಮದು ಹಗುರದ ಕೆಲಸ. ಕಷ್ಟ ಇರೋದು ನಮಗೆ ಕಾಸ್ಟಿಂಗ್ ಕೊಡುವ ಫೌಂಡ್ರಿಗಳಲ್ಲಿ. ಕುಲುಮೆಯಲ್ಲಿ ಕಬ್ಬಿಣ ಸುಮಾರು 1,400 ಡಿಗ್ರಿ. ಫೆಟ್ಲಿಂಗ್ (ಎರಕದ ಪೀಸ್ ತಿಕ್ಕಿ ಸ್ವಚ್ಛ ಮಾಡೋದು) ಮಾಡುವಾಗ ಏಳುವ ಉಸುಕಿನ ಧೂಳು ಪುಪ್ಪುಸಕ್ಕೆ ಹೋಗಿ ಕೂತರೆ ಸಿಲಿಕೋಸಿಸ್ ಅನ್ನೋ ರೋಗ. ಅದಕ್ಕೆ ವಾಸಿ ಮಾಡುವ ಔಷಧಿ ಇಲ್ಲ, ಮೇಲೆ ಟಿಬಿ ಬರುವ ಭಯ ಬೇರೆ. ಮುಖಕ್ಕೆ ಕಟ್ಟೋ ಟವೆಲ್ಲು ಆ ಧೂಳನ್ನ ತಡೆಯಲ್ಲ. ಧೂಳು ಎಳೆಯುವ ವ್ಯವಸ್ಥೆ ಬೇಕು, ಸರಿಯಾದ ಮಾಸ್ಕ್ ಬೇಕು, ವರ್ಷಕ್ಕೊಮ್ಮೆ ಎಕ್ಸ್‌ರೇ ಬೇಕು. ಇಷ್ಟು ಮಾಡದೆ ಜೂನ್ 21ಕ್ಕೆ ಅದೇ ಧೂಳಿನ ಅಂಗಳದಲ್ಲಿ ಪ್ರಾಣಾಯಾಮ ಮಾಡಿಸಿ ಫೋಟೋ ಹಾಕಿದರೆ ಏನನ್ನೋಣ?

ಆಫೀಸಿನವರು ನಗಬೇಡಿ. ನಮ್ಮ ತಂಗಿಯ ಮಗ ಟಿಳಕವಾಡಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. ‘ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ’ ಅಂತ ಅವರಿಗೆ ಆನ್‌ಲೈನ್ ತರಗತಿ ಇಟ್ಟಿದ್ದರು. ಶನಿವಾರ ಸಂಜೆ ಆರಕ್ಕೆ. ಹಾಜರಿ ಕಡ್ಡಾಯ.

ಕೊನೆಯದು, ತಲೆಯ ವಿಷಯ. ನಮ್ಮ ಕಡೆ ಯಾರಾದರೂ ಸ್ವಲ್ಪ ಮಂಕಾದರೆ ಸಾಕು, ‘ಇವನ್ನ ಧಾರವಾಡಕ್ಕ ಒಯ್ರಿ’ ಅಂತ ನಗೆ ಶುರು, ಅಲ್ಲಿ ಮಾನಸಿಕ ಆಸ್ಪತ್ರೆ ಇದೆಯಲ್ಲ. ನಾನೂ ನೂರು ಸಲ ಅಂದಿದ್ದೇನೆ. ನಮ್ಮಲ್ಲಿ ಒಬ್ಬ ಹುಡುಗ ಎರಡು ತಿಂಗಳು ಊಟಕ್ಕೆ ಒಬ್ಬನೇ ಕೂರುತ್ತಿದ್ದ. ರೊಟ್ಟಿ ಡಬ್ಬಿ ಬಿಚ್ಚೋದು, ನೋಡೋದು, ಮುಚ್ಚೋದು. ಜೊತೆಯವರು ಅದೇ ಧಾರವಾಡದ ಜೋಕ್ ಹೊಡೆದರು. ಹಿರಿಯ ಟರ್ನರ್ ಮಾತ್ರ ಹೋಗಿ ಅವನ ಪಕ್ಕದಲ್ಲಿ ಕೂತು ತಮ್ಮ ಶೇಂಗಾ ಚಟ್ನಿ ಅವನ ಡಬ್ಬಿಗೆ ಹಾಕಿದರು. ಮೂರನೇ ದಿನಕ್ಕೆ ಹುಡುಗ ಬಾಯಿ ಬಿಟ್ಟ: ಬಡ್ಡಿ ಸಾಲ, ಮನೆ ಮುಂದೆ ಬಂದು ನಿಲ್ಲೋ ಜನ, ರಾತ್ರಿ ನಿದ್ದೆ ಇಲ್ಲ. ಸಾಲದ ಕಥೆಗೆ ಪಗಾರದಲ್ಲಿ ಮುರಿದುಕೊಳ್ಳುವಂತೆ ಅಡ್ವಾನ್ಸ್ ಕೊಟ್ಟೆ. ನಿದ್ದೆಯ ಕಥೆಗೆ ಅವನು ನಿಜವಾಗಿಯೂ ಧಾರವಾಡಕ್ಕೆ ಹೋದ, ಅದೇ ಆಸ್ಪತ್ರೆ ಡಿಮ್ಹಾನ್ಸ್‌ಗೆ. ಜೊತೆಗೆ ಟರ್ನರ್ ಹೋದರು. ಆ ದಿನದ ಹಾಜರಿ ಇಬ್ಬರಿಗೂ ಹಾಕಿದೆ. ಟೆಲಿ ಮಾನಸ್ ಅಂತ ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಕೆಂಪು ಮಾರ್ಕರ್‌ನಲ್ಲಿ ಬೋನಸ್ ಬರೆಸಿದ್ದೆನಲ್ಲ, ಆ ಜಾಗದಲ್ಲಿ ಈಗ ಆ ನಂಬರ್ ಇದೆ. ಜೋಕ್ ನಿಂತಿದೆ ಅಂತ ಹೇಳಲಾರೆ. ಕಡಿಮೆ ಆಗಿದೆ.

ಇದನ್ನೆಲ್ಲ ಓದಿ ನಾನು ಭಾರಿ ಒಳ್ಳೆಯ ಮಾಲಕ ಅಂದುಕೊಳ್ಳಬೇಡಿ. ಜಾಬ್‌ವರ್ಕ್ ರೇಟ್ ಒಂದು ರೂಪಾಯಿ ಏರಿಸಿ ಅಂದರೆ ಪಾರ್ಟಿ ಬೇರೆ ಶಾಪಿಗೆ ಹೋಗ್ತೀನಿ ಅಂತಾರೆ. ತಿಂಗಳ ಕೊನೆಗೆ ಪಗಾರ ಹೊಂದಿಸುವಾಗ ನನಗೂ ನಿದ್ದೆ ಬರಲ್ಲ. ಓವರ್‌ಟೈಮ್ ಇನ್ನೂ ಜಾಸ್ತಿಯೇ ಇದೆ, ಅದನ್ನ ಇಳಿಸೋಕೆ ಆಗಿಲ್ಲ.

ಇವತ್ತು ಬೆಳಿಗ್ಗೆ ಆರೂವರೆಗೆ ಮೆಸೇಜ್ ಬಂತು. ಅದೇ ಆಫ್‌ಸೆಟ್ ಹುಡುಗ. ‘ಮಾಲಕ್ರ, ಆರಾಮಿಲ್ರಿ, ಇವತ್ತ ಬರೂದಿಲ್ಲ.’ ಇವತ್ತೇ ಡಿಸ್ಪ್ಯಾಚ್ ಇತ್ತು. ಮೊದಲು ಬಾಯಿಗೆ ಬಂದಿದ್ದು ಬೈಗುಳವೇ. ಹಲ್ಲುಜ್ಜಿ, ಚಹಾ ಕುಡಿದು, ‘ಆಯ್ತಪಾ, ಮಲ್ಕೋ’ ಅಂತ ಟೈಪ್ ಮಾಡಿದೆ. ಆಮೇಲೆ ಪಾರ್ಟಿಗೆ ಫೋನ್ ಮಾಡಿ ಒಂದು ದಿನ ಕೇಳಿದೆ. ಬೈದರು, ಕೊಟ್ಟರು. ಅವನ ಮಷೀನ್ ಮೇಲೆ ಈಗ ನಾನೇ ಇದ್ದೇನೆ, ಸೈಕಲ್ ಓಡುವಾಗ ಸ್ಟೂಲ್ ಮೇಲೆ ಕೂತು ಇದನ್ನ ಬರೆಯುತ್ತಿದ್ದೇನೆ. ಗೇಜ್ ಹಾಕಿ ನೋಡಬೇಕು, ಬರ್ತೀನಿ.